ಆರು ದಿನ ಯಮುನೆ ಬಂದ್

ನಮ್ಮ ಆಫೀಸು ಏನನ್ನು ನಿಲ್ಲಿಸಿ ಎಂದು ಆದೇಶ ಹೊರಡಿಸುತ್ತದೋ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಿಂತುಹೋಗುತ್ತದೆ. ಇಪ್ಪತ್ತೆರಡು ವರ್ಷದಿಂದ ನೋಡುತ್ತಲೇ ಇದ್ದೇನೆ. ಕಾರಿಡಾರಿನಲ್ಲಿ ಪಾನ್ ಉಗುಳಬಾರದು ಅಂತ ಸುತ್ತೋಲೆ ಬಂದಾಗ ನಿಂತದ್ದು ಕಾರಿಡಾರ್ ಗುಡಿಸುವುದು. "ಯಾರೂ ಉಗುಳಲ್ಲ ಅಂದಮೇಲೆ ಗುಡಿಸೋದ್ಯಾಕೆ ಮೇಡಂ?" ಅಂದ ಗುಡಿಸುವವನು. ಹಾಗಾಗಿ ಈ ಚಳಿಗಾಲದಲ್ಲಿ ಯಮುನಾ ನದಿಯಲ್ಲಿ ದೋಣಿ ನಿಲ್ಲಿಸುವ ಕಡತ ನನ್ನ ಮೇಜಿಗೆ ಬಂದ ದಿನವೇ ನಾನು ಮೆಡಿಕಲ್ ಲೀವ್ ಹಾಕಬೇಕಿತ್ತು. ಹಾಕಲಿಲ್ಲ.

ವಿಷಯ ಇಷ್ಟೇ. ಹೊಸ ಸೇತುವೆಗೆ ಕಂಬ ಎಲ್ಲಿ ಊರಬೇಕೆಂದು ತಿಳಿಯಲು ನದಿಯ ತಳದ ಸರ್ವೆ ಆಗಬೇಕಿತ್ತು. ಒಂದು ಪುಟ್ಟ ದೋಣಿ, ಅದರ ಹೊಟ್ಟೆಗೆ ಕಟ್ಟಿದ ಸೋನಾರ್ ಯಂತ್ರ. ಅದು ನೀರಿನೊಳಕ್ಕೆ ಶಬ್ದ ಬಿಟ್ಟು, ವಾಪಸ್ ಬಂದ ಶಬ್ದದಿಂದ ತಳದ ಚಿತ್ರ ಬರೆಯುತ್ತದೆ. ಹೊಲ ಉತ್ತ ಹಾಗೆ ಆ ದಡಕ್ಕೂ ಈ ದಡಕ್ಕೂ ಸಾಲು ಹೊಡೆಯುತ್ತಾ ಹೋಗಬೇಕು. ನಡುವೆ ಬೇರೆ ದೋಣಿ ನುಗ್ಗಿದರೆ ನೀರು ಕಲಕಿ ಆ ದಿನದ ಸಾಲೆಲ್ಲ ಹಾಳು. ಆಗಾಗ ಒಬ್ಬ ಮುಳುಗುಗಾರ ಕೆಳಗಿಳಿಯುತ್ತಾನೆ, ಅವನ ತಲೆಯ ಮೇಲೆ ದೋಣಿ ಓಡಾಡಬಾರದು. ಆದ್ದರಿಂದ ಸೋಮವಾರದಿಂದ ಗುರುವಾರ, ನಾಲ್ಕು ದಿನ, ಸರ್ವೆ ಮುಗಿಯುವವರೆಗೆ ಸೇತುವೆ ಬರುವ ಘಾಟಿನ, ಅಂದರೆ ದೋಣಿಕಟ್ಟೆಯ, ಮುಂದೆ ದೋಣಿ ಬಂದ್. ಆದೇಶ ಬರೆದವಳು ನಾನು. ಬರೆದವರೇ ದಡದಲ್ಲಿ ಕೂತು ಪಾಲನೆ ಮಾಡಿಸಲಿ ಅಂದವರು ನಮ್ಮ ಸಾಹೇಬರು. ಹೀಗೆ ದೆಹಲಿಯ ಕಿದ್ವಾಯಿ ನಗರದ ಕ್ವಾರ್ಟರ್ಸಿನಿಂದ ಮಂಜಿನಲ್ಲೇ ಹೊರಟು, ಒಂದು ಕಾಲು ಮರಳಲ್ಲಿ ಹೂತುಹೋಗುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಕೂತೆ ಅನ್ನುವುದು ದಾಖಲೆಗೆ. ನಾಲ್ಕು ಹೋಗಿ ಆರಾದ ಆ ದಿನಗಳಲ್ಲಿ ನಾನು ಒಟ್ಟು ಹದಿನೈದು ನಿಮಿಷ ಕೂತಿದ್ದರೆ ಹೆಚ್ಚು.

೧. ಮೊದಲ ಅಪರಾಧಿ

ಸೋಮವಾರ ಬೆಳಗ್ಗೆ ಎಂಟಕ್ಕೆ ಒಬ್ಬ ಹೋಮ್ ಗಾರ್ಡನ್ನು ಕೊಟ್ಟರು. ಮೀಸೆ, ಲಾಠಿ, ಸೀಟಿ ಎಲ್ಲ ಇತ್ತು. ಆದೇಶವನ್ನು ಎರಡು ಸಲ ಓದಿ ಹೇಳಿದೆ. "ಸಮಝ್ ಗಯಾ ಮೇಡಂ," ಅಂದ. ನಾನು ಚಹಾ ತರಲು ಹತ್ತು ಹೆಜ್ಜೆ ಹೋಗಿದ್ದೆ ಅಷ್ಟೇ, ಹಿಂದಿನಿಂದ ಸೀಟಿ ಕಿರುಚಿತು. ಓಡಿ ಬಂದೆ. ಸರ್ವೆ ದೋಣಿಯಲ್ಲಿ ಲೈಫ್ ಜಾಕೆಟ್ ತೊಟ್ಟ ಎಂಜಿನಿಯರು ಎರಡೂ ಕೈ ಮೇಲೆತ್ತಿ ನಿಂತಿದ್ದಾರೆ. ಗಾರ್ಡ್ ಲಾಠಿಯಿಂದ ದೋಣಿಯನ್ನು ಒತ್ತಿ ಹಿಡಿದಿದ್ದಾನೆ.

"ಭಯ್ಯಾ, ಇದು ಸರ್ವೆ ದೋಣಿ!"

"ದೋಣಿನೇ ತಾನೇ ಮೇಡಂ?"

ಆದೇಶದ ಮೂರನೇ ಸಾಲಿನ ಮೇಲೆ ಬೆರಳಿಟ್ಟ. "ಸರ್ವೆ ಮುಗಿಯುವವರೆಗೆ ಯಾವುದೇ ರೀತಿಯ ಯಾವುದೇ ದೋಣಿಯು ನೀರಿಗಿಳಿಯತಕ್ಕದ್ದಲ್ಲ." ಎರಡು ಸಲ 'ಯಾವುದೇ' ಹಾಕಿದ್ದಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. 'ಸರ್ವೆ ದೋಣಿಯನ್ನು ಹೊರತುಪಡಿಸಿ' ಅನ್ನುವುದು ನನ್ನ ತಲೆಯಲ್ಲಿತ್ತು, ಕಾಗದದ ಮೇಲಿರಲಿಲ್ಲ.

"ದೋಣಿ ಇಳಿಯದೆ ಸರ್ವೆ ಹೇಗಪ್ಪಾ ಮುಗಿಯುತ್ತೆ?"

"ಸರ್ವೆ ಮುಗಿಯದೆ ದೋಣಿ ಹೇಗೆ ಇಳಿಯುತ್ತೆ?"

ತಿದ್ದುಪಡಿ ಬರೆದು ಆಫೀಸಿಗೆ ಕಳಿಸಿದೆ. ಸಹಿಯಾಗಿ ಬಂದಾಗ ಸಂಜೆ ನಾಲ್ಕೂವರೆ, ನದಿಯ ಮೇಲೆ ಆಗಲೇ ಮಂಜು. ಒಂದು ದಿನ ಹೋಯಿತು. ಗುರುವಾರ ಮುಗಿಯಬೇಕಿದ್ದದ್ದು ಶುಕ್ರವಾರ.

ಎಂಜಿನಿಯರು ಬೇಜಾರು ಮಾಡಿಕೊಳ್ಳಲಿಲ್ಲ. ಮಾಡಿಕೊಂಡವನು ಘಾಟಿನ ಹಿರಿಯ ದೋಣಿಗಾರ, ಎಲ್ಲರೂ ಚಾಚಾ ಅನ್ನುತ್ತಿದ್ದರು. ದೋಣಿ ನಿಲ್ಲಿಸಿದ್ದಕ್ಕೆ ಜಗಳಕ್ಕೆ ಬಂದಾನು ಅಂತ ನಾನು ಕಾಯುತ್ತಿದ್ದರೆ, ಬಂದವನು ಕೈ ಮುಗಿದು, "ಮೇಡಂಜೀ, ಶುಕ್ರವಾರ ಪಕ್ಕಾ ತಾನೇ?" ಅಂದ.

"ಯಾಕೆ ಚಾಚಾ?"

ಭಾನುವಾರ ಮಗಳ ಮದುವೆ. ಬಿ.ಎಡ್. ಓದುತ್ತಿದ್ದ ಹುಡುಗಿ, ಬೆಳಗ್ಗೆ ನನಗೆ ಶುಂಠಿ ಚಹಾ ತಂದುಕೊಟ್ಟು ಆಂಟಿ ಅಂದವಳು ಅವಳೇ. ಗಂಡಿನ ಊರು ಎದುರು ದಡದಲ್ಲಿ. ರಸ್ತೆಯಲ್ಲಿ ಬಂದರೆ ಸೇತುವೆ ಸುತ್ತಿ, ಜಾಮಿನಲ್ಲಿ ಸಿಕ್ಕಿ ಎರಡೂವರೆ ಗಂಟೆ. ಆದರೆ ಪ್ರಶ್ನೆ ದೂರದ್ದಲ್ಲ. "ದೋಣಿಗಾರನ ಮಗಳ ದಿಬ್ಬಣ ನೀರಿನ ಮೇಲೆ ಬರಬೇಕು ಮೇಡಂಜೀ. ನಾನೇ ನಿಶ್ಚಿತಾರ್ಥದಲ್ಲಿ ಎದೆ ತಟ್ಟಿ ಹೇಳಿದ್ದೀನಿ. ಬಸ್ಸಿನಲ್ಲಿ ಬಂದರೆ ಈ ಘಾಟಲ್ಲಿ ಮುಖ ಎತ್ತೋ ಹಾಗಿಲ್ಲ." ಏಳು ದೋಣಿಗೆ ಬಣ್ಣ ಬಳಿದು ಸಾಲಾಗಿ ನಿಲ್ಲಿಸಿದ್ದ. ಸರ್ವೆ ಭಾನುವಾರದ ಮೇಲೆ ಬಿದ್ದರೆ ಏಳೂ ಅಲ್ಲೇ.

ಮಂಗಳವಾರ ಬೆಳಗ್ಗೆ ಬಂದು ನೋಡಿದರೆ ದಡದಲ್ಲಿ ನನಗಿಂತ ಮೊದಲು ಚಾಚಾ. ಆ ಕಡೆಯಿಂದ ಈ ಕಡೆಗೆ ಸರಸರ ಓಡಾಡುತ್ತಾ, ನೀರಿನಲ್ಲಿ ಬಾತುಕೋಳಿ ಕಂಡರೂ ಸೀಟಿ ಊದುತ್ತಿದ್ದಾನೆ. ಹನ್ನೊಂದು ಗಂಟೆಗೆ ಹೋಮ್ ಗಾರ್ಡ್ ನನ್ನ ಕೈಗೆ ಒಂದು ಲಿಖಿತ ದೂರು ಕೊಟ್ಟ. ದೋಣಿಗಾರರಿಂದ ತನಗೆ ಸೀಟಿ ವಾಪಸ್ ಕೊಡಿಸಬೇಕಂತೆ.

೨. ವರ ಯಾವ ವರ್ಗ

ಮಂಗಳವಾರ ಸಾಲುಗಳು ಸರಾಗವಾಗಿ ಬಿದ್ದವು. ಆದರೂ ನನಗೆ ನೆಮ್ಮದಿಯಿಲ್ಲ. ಸರ್ವೆ ಎಳೆದುಬಿಟ್ಟರೆ? ಮುನ್ನೆಚ್ಚರಿಕೆಗೆ ಭಾನುವಾರ ಬೆಳಗ್ಗೆ ಎರಡು ಗಂಟೆ ದಿಬ್ಬಣಕ್ಕೆ ವಿನಾಯಿತಿ ಕೊಡಿ ಅಂತ ಕಡತ ಕಳಿಸಿದೆ. ಅರ್ಧ ಗಂಟೆಯಲ್ಲಿ ಸಾಹೇಬರ ಫೋನು.

"ನೋಡಿ, ನಿಮ್ಮ ಆದೇಶದಲ್ಲಿ ಮೂರು ವರ್ಗ ಮಾಡಿದ್ದೀರಿ. ಪ್ರಯಾಣಿಕರ ದೋಣಿ, ಮೀನುಗಾರಿಕೆ ದೋಣಿ, ಧಾರ್ಮಿಕ ದೋಣಿ. ದಿಬ್ಬಣ ಯಾವುದರಲ್ಲಿ ಬರುತ್ತೆ?"

"ಪ್ರಯಾಣಿಕರು ಸರ್."

"ಹೇಗೆ? ಪ್ರಯಾಣಿಕರು ಬಂದಷ್ಟೇ ಜನ ವಾಪಸ್ ಹೋಗ್ತಾರೆ. ಇವರು ಹೋಗುವಾಗ ಒಬ್ಬರು ಜಾಸ್ತಿ ಇರ್ತಾರೆ. ತಾಳೆ ಆಗಲ್ಲ."

"ಹಾಗಾದ್ರೆ ಧಾರ್ಮಿಕ ಅಂತ ಮಾಡಿ ಸರ್."

"ವಿಗ್ರಹ ಇದೆಯಾ?"

"ವರ ಇದ್ದಾನೆ."

"ವಿಸರ್ಜನೆ ಮಾಡ್ತಾರಾ?"

"ಇಲ್ಲ ಸರ್, ಮದುವೆ ಮಾಡ್ತಾರೆ."

ಸಾಹೇಬರು ಮದುವೆಯಾಗಿ ಮೂವತ್ತು ವರ್ಷವಾದ ಮನುಷ್ಯ. "ಎರಡಕ್ಕೂ ಏನು ವ್ಯತ್ಯಾಸ ಅನ್ನೋದನ್ನ ಬರವಣಿಗೆಯಲ್ಲಿ ಕೊಡಿ," ಅಂದರು.

ಬರವಣಿಗೆಯಲ್ಲಿ ಕೊಟ್ಟೆ. ಕಡತ ಇನ್ನೊಂದು ಪ್ರಶ್ನೆ ಹೊತ್ತು ವಾಪಸ್ ಬಂತು. ಉತ್ತರದ ಮದುವೆಗಳಲ್ಲಿ ವರ ಕುದುರೆಯ ಮೇಲೆ ಬರುವ ರೂಢಿ ಇದೆ. ಸದರಿ ಕುದುರೆಯು ದೋಣಿಯಲ್ಲಿ ಬರುತ್ತದೆಯೇ, ಈಜಿಕೊಂಡು ಬರುತ್ತದೆಯೇ? ದೋಣಿಯಲ್ಲಾದರೆ ಪಶು ಸಾಗಣೆಯ ಅನುಮತಿ ಲಗತ್ತಿಸುವುದು.

ಚಾಚಾನನ್ನು ಕೇಳಿದೆ. "ಕುದುರೆ ಈ ದಡದಲ್ಲೇ ನಿಂತಿರುತ್ತೆ ಮೇಡಂಜೀ. ಹುಡುಗ ದೋಣಿಯಿಂದ ಇಳಿದು ಹತ್ತುತ್ತಾನೆ. ಅಲ್ಲಿಂದ ನಮ್ಮ ಮನೆ ಬಾಗಿಲಿಗೆ ಐವತ್ತು ಹೆಜ್ಜೆ." ಅದನ್ನೇ ಬರೆದು ಕಳಿಸಿದೆ. ಸಂಜೆ ಐದಕ್ಕೆ ಅಂತಿಮ ಉತ್ತರ ಬಂತು: ಕುದುರೆಯು ನೀರಿಗೆ ಇಳಿಯದಿರುವುದರಿಂದ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ, ಕಡತ ಮುಕ್ತಾಯ.

ಕುದುರೆಯ ಜೊತೆ ವರನೂ ಮುಕ್ತಾಯವಾದ. ಇನ್ನು ಉಳಿದದ್ದು ಒಂದೇ ದಾರಿ, ಭಾನುವಾರದೊಳಗೆ ಸರ್ವೆ ಮುಗಿಸುವುದು. ಚಾಚಾನಿಗೆ ಹೇಗೆ ಹೇಳುವುದೋ ತಿಳಿಯದೆ, "ಕುದುರೆಗೆ ಏನೂ ತೊಂದರೆ ಇಲ್ಲವಂತೆ," ಅಂದೆ.

೩. ತೇಲುವುದಕ್ಕೆ ಅಡ್ಡಿಯಿಲ್ಲ

ಬುಧವಾರ ಇಂದಿರಾಪುರಂನ ಯಾವುದೋ ಹದಿನೆಂಟನೇ ಮಹಡಿಯಿಂದ ಒಂದು ಜೋಡಿ ಬಂದಿಳಿಯಿತು. ಮದುವೆಗೆ ಮುಂಚಿನ ಫೋಟೋ ಶೂಟಂತೆ. ಹುಡುಗಿಯ ಕೆಂಪು ಗೌನಿನ ಬಾಲ ಎಷ್ಟು ಉದ್ದವಿತ್ತೆಂದರೆ ಅವಳು ನೀರಿನ ಹತ್ತಿರ ಬಂದು ಎರಡು ನಿಮಿಷವಾದ ಮೇಲೂ ಬಾಲ ಇನ್ನೂ ಪಾರ್ಕಿಂಗಿನಿಂದ ಬರುತ್ತಿತ್ತು. ದೋಣಿ ಬಂದ್ ಅಂದೆ. ಅವರ ಫೋಟೋಗ್ರಾಫರ್ ನನಗಿಂತ ದೊಡ್ಡ ಗುಮಾಸ್ತ.

"ಆದೇಶದಲ್ಲಿ ದೋಣಿ ನಡೆಸಬಾರದು ಅಂತಿದೆ ಮೇಡಂ. ನಾವು ನಡೆಸಲ್ಲ. ಗೂಟಕ್ಕೆ ಕಟ್ಟಿದ ದೋಣಿಯಲ್ಲಿ ಸುಮ್ಮನೆ ಕೂರ್ತಾರೆ."

ಓದಿ ನೋಡಿದೆ. ತಿದ್ದುಪಡಿ ಮಾಡುವ ಭರಾಟೆಯಲ್ಲಿ 'ನೀರಿಗಿಳಿಯತಕ್ಕದ್ದಲ್ಲ' ತೆಗೆದು 'ನಡೆಸತಕ್ಕದ್ದಲ್ಲ' ಹಾಕಿದ್ದೆ. ಸರಿ, ಕೂರಲಿ ಅಂದೆ. ಅದು ನನ್ನ ಎರಡನೇ ತಪ್ಪು.

ಚಳಿಗಾಲದಲ್ಲಿ ಯಮುನೆಗೆ ಸಾವಿರಾರು ಬಿಳಿ ಕಡಲಹಕ್ಕಿಗಳು ಬರುತ್ತವೆ. ಅವುಗಳಿಗೆ ಕಡಲೆಹಿಟ್ಟಿನ ಸೇವ್ ಎರಚಿದರೆ ತಲೆಯ ಸುತ್ತ ಹಾರುತ್ತವೆ, ಫೋಟೋ ಚೆನ್ನಾಗಿ ಬರುತ್ತದೆ. ಹುಡುಗ ಎರಡು ಕಾಳು ಎರಚುವ ಬದಲು ಪ್ಯಾಕೆಟ್ಟನ್ನೇ ಬೋರಲು ಹಾಕಿದ. ಹಕ್ಕಿಗಳ ಸಂತೆಯೇ ಮೇಲೆ ಬಿತ್ತು. ಹುಡುಗಿ ಕಿರುಚಿ ಅವನನ್ನು ತಳ್ಳಿದಳು, ಅವನು ಹಗ್ಗದ ಮೇಲೆ ಬಿದ್ದ, ಹಗ್ಗ ಬಿಚ್ಚಿಕೊಂಡಿತು. ದೋಣಿ ನಿಧಾನಕ್ಕೆ ಹೊರಟಿತು.

"ಭಯ್ಯಾ, ದೋಣಿ ಹೋಗ್ತಿದೆ!" ಅಂದೆ ಫೋಟೋಗ್ರಾಫರನಿಗೆ.

"ನಡೆಸ್ತಿಲ್ಲ ಮೇಡಂ, ತೇಲ್ತಿದೆ," ಅಂದ ಕ್ಯಾಮೆರಾದಿಂದ ಕಣ್ಣು ತೆಗೆಯದೆ. ಆಮೇಲೆ ಅವರಿಗೆ, ಹೀಗೇ ಹೆದರುತ್ತಾ ಇರಿ ಅಂತ, "ಬಹುತ್ ಬಢಿಯಾ! ಐಸೇ ಹೀ ಡರ್‌ತೇ ರಹಿಯೇ!"

ವಾಕಿಟಾಕಿಯಲ್ಲಿ ಎಂಜಿನಿಯರ ಬಡಪಾಯಿ ದನಿ: "ಮೇಡಂ, ನನ್ನ ಏಳನೇ ಸಾಲಿನಲ್ಲಿ ಒಂದು ಮದುವೆ ಬರ್ತಿದೆ."

ಚಾಚಾ ಸೊಂಟದುದ್ದ ನೀರಿಗಿಳಿದು ಹೋಗಿ ದೋಣಿಯನ್ನು ಎಳೆದು ತಂದ. ಎಳೆಯುತ್ತಾ ಅಷ್ಟು ದೂರವೂ ಬೈದ. "ನಿಮ್ಮ ಮದುವೆಗೆ ನನ್ನ ಮಗಳ ಮದುವೆ ತಿಂತೀರಾ? ನಿಮಗೆ ಮನೆಯಲ್ಲಿ ಗೋಡೆ ಇಲ್ವಾ? ಗೋಡೆ ಮುಂದೆ ನಿಂತು ಫೋಟೋ ತೆಗೆಸ್ಕೊಳ್ಳೋಕೆ ಏನು ರೋಗ?" ಆದರೆ ಆ ದಿನದ ಸಾಲುಗಳು ಹೋಗಿದ್ದವು. ಶುಕ್ರವಾರ ಮುಗಿಯಬೇಕಿದ್ದದ್ದು ಶನಿವಾರಕ್ಕೆ ಬಂತು. ಭಾನುವಾರಕ್ಕೂ ನಮಗೂ ನಡುವೆ ಇನ್ನು ಒಂದೇ ಒಂದು ದಿನದ ಸಂದೂ ಇರಲಿಲ್ಲ.

ಆಮೇಲೆ ಫೋಟೋಗ್ರಾಫರ್ ಹೋಮ್ ಗಾರ್ಡಿನ ಫೋನಿಗೆ ಒಂದು ಫೋಟೋ ಕಳಿಸಿದ. ಸುತ್ತ ಬಿಳಿ ಹಕ್ಕಿಗಳು, ದೋಣಿಯಲ್ಲಿ ತಬ್ಬಿಕೊಂಡ ಜೋಡಿ, ಮುಂದೆ ಸೊಂಟದುದ್ದ ನೀರಿನಲ್ಲಿ ಬೆರಳೆತ್ತಿ ಬಾಯಿ ತೆರೆದ ಚಾಚಾ. ಆಮಂತ್ರಣ ಪತ್ರಿಕೆಗೆ ಅದನ್ನೇ ಹಾಕಿಸಿದರಂತೆ. ನೋಡಿದವರೆಲ್ಲ ಕೇಳಿದ್ದು ಒಂದೇ: "ಆಶೀರ್ವಾದ ಮಾಡ್ತಿರೋ ಹಿರಿಯರು ಹುಡುಗಿ ಕಡೆಯವರೋ, ಹುಡುಗನ ಕಡೆಯವರೋ?"

೪. ಯಾಂವ ಬಂದ?

ಅತ್ತೆಯವರು ಹುಬ್ಬಳ್ಳಿಯಿಂದ ಬಂದು ಹದಿನೈದು ದಿನವಾಗಿತ್ತು. ಹಿಂದಿ ಬಾರದು. ಬೇಕಾಗಿಯೂ ಇಲ್ಲ, ಕಿದ್ವಾಯಿ ನಗರದ ತರಕಾರಿ ಭಯ್ಯಾನಿಗೇ ಕನ್ನಡ ಕಲಿಸಿದ್ದಾರೆ. ಗುರುವಾರ ಹನ್ನೊಂದು ಗಂಟೆಗೆ, ಮಧ್ಯಾಹ್ನದ ಅಡುಗೆಗೆ ಏನು ಮಾಡಲಿ ಅಂತ ಫೋನ್ ಮಾಡಿದರು. ಆ ಹೊತ್ತಿಗೆ ಸರಿಯಾಗಿ ಎದುರು ದಡದಿಂದ ಹಾಲಿನ ದೋಣಿಯೊಂದು ಹೊರಡುವ ಸೂಚನೆ ಕಂಡು ಚಾಚಾ ಮತ್ತು ಗಾರ್ಡ್ ಒಟ್ಟಿಗೆ ಕೂಗತೊಡಗಿದರು: "ನಾವ್ ಬಂದ್! ಅರೇ, ನಾವ್ ಬಂದ್!" ಹಿಂದಿಯಲ್ಲಿ ನಾವ್ ಅಂದರೆ ದೋಣಿ. ಅತ್ತೆಗೆ ಈ ಸಂಗತಿ ಯಾರೂ ಹೇಳಿರಲಿಲ್ಲ.

"ಯಾರ ಬಂದ್ರು?" ಅಂದರು.

"ಯಾರೂ ಬಂದಿಲ್ಲ ಅತ್ತೆ."

"ನಾವ್ ಬಂದ್ವಿ, ನಾವ್ ಬಂದ್ವಿ ಅಂತ ಒದರಾಕತ್ತಾರಲ್ಲ. ನನ್ನ ಕಿವಿ ಇನ್ನೂ ಛಲೋ ಅದಾವ."

"ಅದು ನಾವಲ್ಲ ಅತ್ತೆ, ದೋಣಿ. ದೋಣಿ ಬಂದ್."

"ದೋಣಿ ಬಂತು?"

"ಬಂತು ಅಲ್ಲ, ಬಂದ್!"

"ಬಂದ? ಯಾಂವ ಬಂದ?"

ಹಾಲಿನ ದೋಣಿ ಅಷ್ಟರಲ್ಲಿ ದಡ ಬಿಟ್ಟಿತ್ತು. ನನ್ನ ತಾಳ್ಮೆಯೂ ಬಿಟ್ಟಿತು. "ಅಯ್ಯೋ ಅತ್ತೆ, ಯಾರೂ ಬರಬಾರದು ಅಂತಾನೇ ನಾನಿಲ್ಲಿ ನಿಂತಿರೋದು!" ಅಂತ ಅರಚಿದೆ.

ಅತ್ತೆಯ ತಣ್ಣಗಿನ ದನಿ: "ಬಂದವರಿಗೆ ಹಂಗನಬಾರದವ್ವಾ." ಫೋನಿಟ್ಟರು.

ಹಾಲಿನ ದೋಣಿ ವಾಪಸ್ ಹೋಯಿತು, ಪುಣ್ಯಕ್ಕೆ. ಎರಡು ಗಂಟೆಗೆ ಗಂಡನ ಫೋನು, ಅವರ ಆಫೀಸಿನಿಂದ. ದನಿ ತಗ್ಗಿಸಿ ಕೇಳಿದರು: "ನಮ್ಮನೆಗೆ ದೋಣಿಯಲ್ಲಿ ಯಾರು ಬಂದಿದಾರೆ? ಅಮ್ಮ ಆರು ಪ್ಯಾಕೆಟ್ ಹಾಲು ತಗೊಂಡು ಬಾ ಅಂತಿದಾಳೆ. ನೀನು ಅವರನ್ನ ಬಾಗಿಲಲ್ಲೇ ಬೈದೆಯಂತೆ?"

ಸಂಜೆ ಮನೆಗೆ ಹೋದರೆ ಹಾಲ್‌ನಲ್ಲಿ ಮೂರು ಹಾಸಿಗೆ. ಡಬ್ಬಿ ತುಂಬ ಬಿಸಿ ಹೋಳಿಗೆ. ಅಜ್ಜಿ ತನ್ನ ರೂಮ್ ಖಾಲಿ ಮಾಡಿಸಿದರು ಅಂತ ಮಗಳು ಬಾಗಿಲಲ್ಲೇ ಹಿಡಿದಳು: "ಅಮ್ಮಾ, ಅಜ್ಜಿ ನೇ ಮೇರಾ ರೂಮ್ ಖಾಲಿ ಕರ್‌ವಾಯಾ. ಗೆಸ್ಟ್ಸ್ ಎಲ್ಲಿ?" ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದೆ. ಅತ್ತೆ ಕೇಳಿದರು, ಹೋಳಿಗೆ ಡಬ್ಬಿಯನ್ನು ನೋಡಿದರು, ಮುಚ್ಚಳ ಹಾಕಿ ನನ್ನ ಕೈಗಿಟ್ಟರು. "ನಾಳೆ ಒಯ್ಯಿ. ಬರಬ್ಯಾಡ ಅಂದಿಯಲ್ಲ, ಅವರಿಗರ ಕೊಡು."

ಮರುದಿನ ಹೋಮ್ ಗಾರ್ಡ್ ಆರು ಹೋಳಿಗೆ ತಿಂದು, ಬೆರಳು ನೆಕ್ಕಿ, ದಿನವೂ ದೋಣಿ ಬಂದ್ ಇರಲಿ ಅಂತ ಆಕಾಶದ ಕಡೆ ಕೈ ಮುಗಿದ. "ನಾವ್ ರೋಜ್ ಬಂದ್ ರಹೇ!"

೫. ಸಾಕ್ಷಿ ಸಿಕ್ಕಿತು

ಶುಕ್ರವಾರ ಸೋನಾರಿನಲ್ಲಿ ಏನೋ ಕಂಡಿತು. ಎಂಜಿನಿಯರು ಪರದೆ ತೋರಿಸಿದರು: ತಳದಲ್ಲಿ ಉದ್ದನೆಯ, ಮೂಲೆ ಚೂಪಾದ ಪೆಟ್ಟಿಗೆ. ದಡದಲ್ಲಿ ಐದೇ ನಿಮಿಷದಲ್ಲಿ ಗುಂಪು. ಒಬ್ಬ ನಿಧಿ ಅಂದ, ಒಬ್ಬ ಬಾಂಬ್ ಅಂದ. ನಾನು ಉಗುರು ಕಚ್ಚುತ್ತಾ ಗಡಿಯಾರ ನೋಡುತ್ತಿದ್ದೆ, ಬಾಂಬಾದರೂ ಬೇಗ ಆಗಲಿ ಅಂತ. ಮುಳುಗುಗಾರ ಇಳಿದು ಹಗ್ಗ ಕಟ್ಟಿದ. ಎಂಟು ಜನ ಎಳೆದರು. ಮೇಲೆ ಬಂದದ್ದು ತುಕ್ಕು ಹಿಡಿದ ಒಂದು ಫ್ರಿಜ್ಜು.

ಗುಂಪು ಚದುರಿತು. ಚಾಚಾ ಮಾತ್ರ ಚದುರಲಿಲ್ಲ. ಕೆಸರು ಒರೆಸಿ ಬಾಗಿಲು ನೋಡಿದ, ಹಿಡಿಕೆ ನೋಡಿದ, ಕೂಗಿಯೇಬಿಟ್ಟ: "ಇದು ನನ್ನ ತಂಗಿ ಮದುವೆದು!"

ಹನ್ನೆರಡು ವರ್ಷದ ಹಿಂದೆ ತಂಗಿಯ ಗಂಡನ ಮನೆಗೆ ಉಡುಗೊರೆಯ ಫ್ರಿಜ್ಜನ್ನು ದೋಣಿಯಲ್ಲಿ ಕಳಿಸುವಾಗ ನಡುನೀರಿನಲ್ಲಿ ಜಾರಿತ್ತಂತೆ. ಭಾವ ನಂಬಲಿಲ್ಲ. ಫ್ರಿಜ್ಜು ಕೊಂಡೇ ಇರಲಿಲ್ಲ, ಮುಳುಗಿತು ಅಂತ ಕಥೆ ಕಟ್ಟಿದ ಅಂತ ಪ್ರತಿ ಹಬ್ಬದ ಊಟದಲ್ಲೂ ಹನ್ನೆರಡು ವರ್ಷದಿಂದ ಚುಚ್ಚುತ್ತಿದ್ದ.

"ಮೇಡಂಜೀ, ಒಂದು ಸರ್ಟಿಫಿಕೇಟ್ ಬರೆದುಕೊಡಿ. ಸರ್ಕಾರಿ ಸೀಲ್ ಹಾಕಿ. ಫ್ರಿಜ್ಜು ಇತ್ತು ಅಂತ."

ಆಫೀಸಿನ ಕಾಗದದಲ್ಲಿ ಬರೆದುಕೊಟ್ಟೆ: 'ನದಿಯ ತಳದಲ್ಲಿ ಒಂದು ಫ್ರಿಜ್ಜು ಕಂಡುಬಂದಿದೆ.' ಸಂಜೆ ಭಾವ ಖುದ್ದಾಗಿ ಬಂದ, ಕಾಗದ ಓದಿದ, ಫ್ರಿಜ್ಜಿನ ಸುತ್ತ ಒಂದು ಸುತ್ತು ಬಂದ, ಬಾಗಿಲು ತೆಗೆದು ಒಳಗೆ ಇಣುಕಿದ.

"ಸಿಂಗಲ್ ಡೋರ್," ಅಂದ. "ಡಬಲ್ ಡೋರ್ ಅಂತ ಹೇಳಿದ್ದೆ."

೬. ಬೇಡ!

ಶನಿವಾರ ಮಧ್ಯಾಹ್ನ ಎರಡು ಗಂಟೆ. ಹಿಂದೆ ಚಾಚಾನ ಮನೆಯಲ್ಲಿ ಹಾಡು, ಹಳದಿ ಶಾಸ್ತ್ರ ನಡೆಯುತ್ತಿತ್ತು. ಇಲ್ಲಿ ನಾವು ಮೂವರು, ನಾನು, ಚಾಚಾ, ಗಾರ್ಡ್, ಬೋನಿನ ಪ್ರಾಣಿಗಳ ಹಾಗೆ ಶತಪಥ ಹಾಕುತ್ತಿದ್ದೆವು. ವಾಕಿಟಾಕಿ ಮಾತಾಡಿತು: "ಮೇಡಂ, ಇನ್ನೆರಡೇ ಸಾಲು. ಇಪ್ಪತ್ತು ನಿಮಿಷ ನೀರು ಕಲಕದಿದ್ರೆ ಸಾಕು, ಮುಗೀತು."

ಆಗ ಎದುರು ದಡದಿಂದ ಢೋಲಿನ ಸದ್ದು ಕೇಳಿಸಿತು.

ಚೆಂಡುಹೂವಿನ ಮಾಲೆ ಹಾಕಿದ ಒಂದು ದೋಣಿ ದಡ ಬಿಟ್ಟಿತು. ಅದರಲ್ಲಿ ಹದಿನಾಲ್ಕು ಜನ, ಒಂದು ಢೋಲು, ಮುಂದೆ ಎದ್ದು ನಿಂತು ಕುಣಿಯುತ್ತಿರುವ ಒಬ್ಬ ಹುಡುಗ. ಗಂಡಿನ ಕಡೆಯವರು ಹೆಣ್ಣಿಗೆ ಸೀರೆ, ಬಳೆಯ 'ಶಗುನ್' ಉಡುಗೊರೆ ತರುತ್ತಿದ್ದರು. ಬಂದ್ ಶುಕ್ರವಾರಕ್ಕೆ ಮುಗಿದಿರುತ್ತೆ ಅಂದುಕೊಂಡಿದ್ದರಂತೆ. ಕುಣಿಯುತ್ತಿದ್ದವನೇ ವರ.

ಚಾಚಾ ಸೀಟಿ ಬಾಯಿಗಿಟ್ಟ. ಊದಲಿಲ್ಲ.

"ಊದಿ ಚಾಚಾ!"

"ಬೀಗರು, ಮೇಡಂಜೀ."

"ಬೀಗರಾದರೇನು, ಊದಿ! ಇವತ್ತು ಸಾಲು ಹಾಳಾದ್ರೆ ನಾಳೆ ಸರ್ವೆ, ನಾಳೆ ಸರ್ವೆ ಆದ್ರೆ ದಿಬ್ಬಣ ಇಲ್ಲ!"

"ಹೆಣ್ಣಿನ ತಂದೆ ಗಂಡಿನ ಕಡೆಯವರಿಗೆ 'ನಿಲ್ಲಿ' ಅನ್ನೋದುಂಟಾ?" ಸೀಟಿಯನ್ನು ಬಾಯಿಂದ ಇಳಿಸಿದ. "ಅವರು 'ಸರಿ, ನಿಂತ್ವಿ' ಅಂದುಬಿಟ್ರೆ?"

ಸೀಟಿ ಗಾರ್ಡಿನ ಕೈಗೆ ಕೊಟ್ಟ. ಮಂಗಳವಾರದಿಂದ ಅದಕ್ಕಾಗಿ ಹಪಹಪಿಸಿದ್ದ ಗಾರ್ಡ್ ಕೈ ಹಿಂದಕ್ಕೆಳೆದುಕೊಂಡ. "ನಾನೂ ಈ ಘಾಟಿನವನೇ ಮೇಡಂ. ಹುಡುಗಿಗೆ ಮಾವ ಆಗಬೇಕು."

ದಡದಲ್ಲಿದ್ದವರೆಲ್ಲ ಹೆಣ್ಣಿನ ಕಡೆಯವರೇ. ನದಿಗೆ ಬೀಗ ಹಾಕಿದವಳು ನಾನು, ಬರುತ್ತಿರುವವರು ಬೀಗರು, ನಾನೊಬ್ಬಳೇ ಯಾರ ಕಡೆಗೂ ಸೇರದವಳು. ಧ್ವನಿವರ್ಧಕ ಎತ್ತಿಕೊಂಡೆ. ದೆಹಲಿಗೆ ಬಂದು ಇಷ್ಟು ವರ್ಷವಾಯಿತು, ಆಟೋದವರ ಜೊತೆ ಹಿಂದಿಯಲ್ಲಿ ಜಗಳವಾಡಿ ಗೆದ್ದವಳು. ಆದರೆ ಎದೆ ಬಾಯಿಗೆ ಬಂದಾಗ ಹಿಂದಿ ಎಲ್ಲಿ ಹೋಯಿತೋ. ಬಾಯಿಂದ ಬಂದದ್ದು:

"ಬೇಡ! ಬೇಡಾ! ಬೇಡಾಆಆ!"

ಈಗ ಹಿಂದಿ ಗೊತ್ತಿದ್ದವರು ಹಣೆ ಚಚ್ಚಿಕೊಳ್ಳುತ್ತಿರುತ್ತಾರೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಿಂದಿಯಲ್ಲಿ ಬೇಡಾ ಅಂದರೆ ದೋಣಿಗಳ ಸಾಲು, ತೆಪ್ಪ. ದೋಣಿಯವರಿಗೆ ಒಳ್ಳೆಯದಾಗಲಿ ಅನ್ನಬೇಕಾದರೆ 'ಬೇಡಾ ಪಾರ್' ಅನ್ನುತ್ತಾರೆ, ನಿಮ್ಮ ದೋಣಿ ಸುಖವಾಗಿ ದಡ ಸೇರಲಿ ಅಂತ. ಒಬ್ಬರು ಬೇಡಾ ಅಂದರೆ ಉಳಿದವರು ಪಾರ್ ಅನ್ನಲೇಬೇಕು.

ಸರ್ಕಾರಿ ಮೇಡಮ್ಮೇ ದಡದಲ್ಲಿ ನಿಂತು ಹರಸುತ್ತಿದ್ದಾರೆ! ಹದಿನಾಲ್ಕೂ ಜನ ಎದ್ದು ನಿಂತರು.

"ಪಾಆಆರ್!"

"ಅಯ್ಯೋ ಬೇಡ!"

"ಪಾರ್!"

"ಬೇಡ, ಬೇಡ!"

"ಪಾರ್, ಪಾರ್!" ಢೋಲಿನವನು ನನ್ನ ಲಯವನ್ನೇ ಹಿಡಿದುಕೊಂಡ. ಹುಟ್ಟು ಹಾಕುವವರು ಎರಡರಷ್ಟು ವೇಗ ಮಾಡಿದರು. ನನ್ನ ಪಕ್ಕದಲ್ಲಿ ಗಾರ್ಡ್ ಕೂಡ ಕಣ್ಣು ಮುಚ್ಚಿ, ಕೈ ಮುಗಿದು "ಪಾರ್" ಅಂದ. ವಾಕಿಟಾಕಿಯಲ್ಲಿ ಎಂಜಿನಿಯರು: "ಮೇಡಂ, ನೀವು ಅವರನ್ನ ನಿಲ್ಲಿಸ್ತಿದ್ದೀರೋ, ಹುರಿದುಂಬಿಸ್ತಿದ್ದೀರೋ?"

ಅಷ್ಟರಲ್ಲಿ ಯಾರೋ ನನ್ನ ಕೈಯಿಂದ ಧ್ವನಿವರ್ಧಕ ಕಿತ್ತುಕೊಂಡರು. ತಿರುಗಿ ನೋಡಿದರೆ ಮುಖದ ತುಂಬ ಹಳದಿ ಬಳಿದುಕೊಂಡ ಮದುಮಗಳು. ಹಳದಿ ಹಚ್ಚಿದ ಮೇಲೆ ಹೊಸಿಲು ದಾಟಬಾರದು ಅಂತ ಹಿಂದೆ ನಾಲ್ಕು ಜನ ಚಿಕ್ಕಮ್ಮಂದಿರು ಕಿರುಚುತ್ತಿದ್ದಾರೆ. ಇವಳು ತರಗತಿಯ ಮುಂದೆ ನಿಂತ ಟೀಚರಿನ ದನಿಯಲ್ಲಿ ಒಂದೇ ಸಲ ಹೇಳಿದಳು:

"ಚುಪ್! ಸಬ್ ವಹೀಂ ಬೈಠ್ ಜಾಓ! ಕೋಯೀ ಹಿಲೇಗಾ ನಹೀಂ!"

ಎಲ್ಲರೂ ಅಲ್ಲೇ ಕೂರಿ, ಯಾರೂ ಅಲುಗಾಡಕೂಡದು ಅಂತ. ಢೋಲು ನಿಂತಿತು. ಹುಟ್ಟು ನಿಂತಿತು. ಮೊದಲು ಕೂತವನು ವರ. ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಕೂತರು. ದೋಣಿ ಜರುಗದ ಹಾಗೆ ಬಿದಿರಿನ ಗಳವನ್ನು ಮರಳಿಗೆ ಊರಿದರು. ಸರ್ವೆ ದೋಣಿ ಸಾಲು ಹೊಡೆಯುತ್ತಾ ಬಂದು, ಅವರ ಹತ್ತಿರ ಸ್ವಲ್ಪ ಬಳಸಿ, ಮುಂದೆ ಹೋಯಿತು. ಇಪ್ಪತ್ತು ನಿಮಿಷ ನಡುನೀರಿನಲ್ಲಿ ಹದಿನಾಲ್ಕು ಜನ ಗೊಂಬೆಗಳ ಹಾಗೆ. ಚಾಚಾ ನದಿಗೆ ಬೆನ್ನು ಹಾಕಿ ಮರಳಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ. "ಮುರೀತು ಮೇಡಂಜೀ. ಸಂಬಂಧ ಮುರೀತು. ಅತ್ತೆಯಾಗೋಳಿಗೇ ಚುಪ್ ಅಂದ್ಲು."

ಕೊನೆಗೆ ಎಂಜಿನಿಯರು ಹೆಬ್ಬೆರಳೆತ್ತಿದರು. ಮುಗಿಯಿತು. ಬೀಗರ ದೋಣಿ ದಡಕ್ಕೆ ಬಂತು. ಮೊದಲು ಇಳಿದವರು ವರನ ತಾಯಿ. ಚಾಚಾ ಕೈ ಮುಗಿದು ನೆಲ ಮುಟ್ಟುವಷ್ಟು ಬಗ್ಗಿದ. ಆಕೆ ಅವನನ್ನು ನೋಡಲೇ ಇಲ್ಲ. ಸೀದಾ ಹಳದಿ ಮುಖದವಳ ಎದುರು ಹೋಗಿ ನಿಂತರು.

"ಇವನನ್ನ ಇಪ್ಪತ್ತಾರು ವರ್ಷ ಸಾಕಿದ್ದೀನಿ," ಅಂದರು. "ಕೂರು ಅಂದಾಗ ಕೂತಿದ್ದು ಇವತ್ತೇ ನೋಡಿದ್ದು." ಅಲ್ಲೇ ನಿಂತಲ್ಲೇ ಅವಳ ಕೈಗೆ ಬಳೆ ತೊಡಿಸಿದರು. ಚಾಚಾನಿಗೆ ಅಳುವೂ ನಗುವೂ ಒಟ್ಟಿಗೆ ಬಂದು, ಏನು ಮಾಡುವುದೆಂದು ತಿಳಿಯದೆ ಜೋರಾಗಿ ಸೀಟಿ ಊದಿದ.

ಭಾನುವಾರ ಏಳೂ ದೋಣಿಗಳು ಬಂದವು.

ಒಂದು ತಿಂಗಳ ಮೇಲೆ ಸರ್ವೆಯ ನಕ್ಷೆ ನನ್ನ ಮೇಜಿಗೆ ಬಂತು, ಜೊತೆಗೆ ಮೇಲಿನವರ ಒಂದು ಪ್ರಶ್ನೆ. ನಕ್ಷೆಯಲ್ಲಿ ನದಿಯ ನಡುವೆ ಒಂದು ಕಡೆ, ದೋಣಿಯ ಆಕಾರದ ಪುಟ್ಟ ಬಿಳಿ ಜಾಗ ಖಾಲಿ ಉಳಿದಿತ್ತು. ಶನಿವಾರ ಸರ್ವೆ ದೋಣಿ ಬೀಗರನ್ನು ಬಳಸಿಕೊಂಡು ಹೋದ ಜಾಗ. ಕಂಬ ಅಲ್ಲಿ ಬರುವುದಿಲ್ಲವಾದ್ದರಿಂದ ಚಿಂತೆಯಿಲ್ಲ, ಆದರೆ ಒಂದು ಕಾಲಂ ತುಂಬಬೇಕು: 'ಸದರಿ ಸ್ಥಳದಲ್ಲಿದ್ದ ಅಡಚಣೆ ಏನು? ಅದು ತಾತ್ಕಾಲಿಕವೋ, ಶಾಶ್ವತವೋ?'

ಯೋಚಿಸಿ ಯೋಚಿಸಿ ಸಾಕಾಗಿ, ಎದುರು ದಡದ ಮನೆಗೆ ಸೊಸೆಯಾಗಿ ಹೋದ ಹುಡುಗಿಗೇ ಫೋನ್ ಮಾಡಿ ಕಾಲಂ ಓದಿ ಹೇಳಿದೆ. ಅವಳು ಒಂದು ಕ್ಷಣವೂ ತಡೆಯಲಿಲ್ಲ.

"ಬರ್ಕೊಳ್ಳಿ ಆಂಟಿ. ಶನಿವಾರ ಟೆಂಪರರಿ ಇದ್ದ. ಭಾನುವಾರದಿಂದ ಪರ್ಮನೆಂಟ್."